ಕೆಫೀರಿನ ಹೆಪ್ಪು

ಮುಂಬಯಿಯಲ್ಲಿ ಹಾಲು ಮೊಸರಾಗಲು ಹಿಡಿಯುವ ಹೊತ್ತು ಋತುವಿನಿಂದ ಋತುವಿಗೆ ಬದಲಾಗುತ್ತದೆಂಬ ಸಂಗತಿಯನ್ನು ಯಾರೂ ಎಲ್ಲಿಯೂ ಬರೆದಿಟ್ಟಂತಿಲ್ಲ, ನಾನು ಬರೆದಿಟ್ಟಿದ್ದೇನೆ. ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನದ ಗುರುತಿನ ಕೆಳಗೆ, ‘ಮೊಸರು, ನಾಲ್ಕು ತಾಸು’ ಎಂದೋ ‘ಮೊಸರು, ಒಂಬತ್ತು ತಾಸು, ಶಾಲು ಹೊದಿಸಿದ್ದು’ ಎಂದೋ ಪೆನ್ಸಿಲಿನ ಟಿಪ್ಪಣಿಗಳಿವೆ. ಮೇ ತಿಂಗಳ ಹಾಲು, ಸ್ಟೇಷನ್ ಬರುವ ಮೊದಲೇ ಬಾಗಿಲಿಗೆ ಬಂದು ನಿಲ್ಲುವ ಲೋಕಲ್ ಪ್ರಯಾಣಿಕನಂತೆ ಅವಸರದ್ದು. ಜನವರಿಯ ಹಾಲು ಕಿಟಕಿಯ ಪಕ್ಕದ ಸೀಟು ಸಿಕ್ಕವನಂತೆ ಕಣ್ಣು ಮುಚ್ಚಿ ಕೂತದ್ದು ಏಳುವುದೇ ಇಲ್ಲ. “ಮಂದಿ ಮಕ್ಕಳ ಎತ್ತರ ಬರದಿಡ್ತಾರ, ನೀವು ಮೊಸರಿನ ಜಾತಕ ಬರೀತೀರಿ” ಎಂದು ನನ್ನ ಹೆಂಡತಿ ವೀಣಾ ಆಗಾಗ ಹಂಗಿಸುವುದುಂಟು. ಇಂಥ ಮೊಸರುಪಂಡಿತ ಹೆಪ್ಪಿನ ವಿಷಯದಲ್ಲಿಯೇ ಎಡವಿದನೆಂದರೆ ನೀವು ನಂಬಲಿಕ್ಕಿಲ್ಲ. ನನಗೂ ಎರಡು ದಿನ ನಂಬಿಕೆ ಬಂದಿರಲಿಲ್ಲ.

ವೀಣಾ ಸಾಂತಾಕ್ರೂಜಿನ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಆರೂವರೆಗೆ ಅವಳು ಮನೆ ಬಿಟ್ಟರೆ ಮಲಾಡಿನ ನಾಲ್ಕನೇ ಮಹಡಿಯ ಈ ಎರಡು ಕೋಣೆಗಳ ಸಾಮ್ರಾಜ್ಯಕ್ಕೆ ನಾನೇ ಚಕ್ರವರ್ತಿ, ನಾನೇ ಪ್ರಜೆ. ಹಡಗಿನ ಸರಕಿನ ಕಾಗದಪತ್ರ ನೋಡುವ ನನ್ನ ಕಚೇರಿ ವಾರಕ್ಕೆರಡು ದಿನ ಮಾತ್ರ ನನ್ನ ಮುಖ ನೋಡಬಯಸುತ್ತದೆ. ಉಳಿದ ದಿನ ಮನೆಯಿಂದಲೇ ಕೆಲಸ. ಹೀಗಾಗಿ ಅಡುಗೆಮನೆ ಕ್ರಮೇಣ ನನ್ನ ಅಧೀನಕ್ಕೆ ಬಂತು, ಅದರ ಹಿಂದೆಯೇ ಅಜೀರ್ಣವೂ ಬಂತು. ಕುಳಿತಲ್ಲೇ ಕೆಲಸ, ಸ್ಟೇಷನ್ನಿನ ಎದುರಿನ ಸಾಬುದಾಣಾ ವಡೆಯ ಮೋಹ, ಮೇಲೆ ಐವತ್ತನಾಲ್ಕರ ವಯಸ್ಸು, ಈ ಮೂರೂ ಕೂಡಿ ನನ್ನ ಉದರವನ್ನು ಸದಾ ಏನನ್ನೋ ಗೊಣಗುವ ಸೊಸೈಟಿಯ ಸೆಕ್ರೆಟರಿಯಂತೆ ಮಾಡಿಬಿಟ್ಟಿದ್ದವು. ನಮ್ಮ ಭಾಷೆಯಾದರೂ ಹೊಟ್ಟೆಯ ಮೇಲೆ ಎಷ್ಟೊಂದು ಭಾರ ಹೊರಿಸಿದೆ ನೋಡಿ: ಕಿಚ್ಚು ಅದರದೇ, ಪಾಡು ಅದರದೇ, ನಗು ಹೆಚ್ಚಾದರೆ ಹುಣ್ಣಾಗುವುದೂ ಅದಕ್ಕೇ. ಇಷ್ಟೆಲ್ಲ ಹೊತ್ತ ಅಂಗ ಆಗೊಮ್ಮೆ ಈಗೊಮ್ಮೆ ಗುಡುಗಿದರೆ ಆಶ್ಚರ್ಯವೇನು?

ಈ ಗುಡುಗು ಗೋಡೆಯಾಚೆಗೂ ಕೇಳಿಸಿತೋ ಏನೋ, ಎದುರುಮನೆಯ ತಾಹೇರಾ ಆಪಾ ಒಂದು ಮುಂಜಾನೆ ಗಾಜಿನ ಲೋಟವೊಂದನ್ನು ತಟ್ಟೆ ಮುಚ್ಚಿ ತಂದುಕೊಟ್ಟರು. ಆಪಾ ವಿಜಯಪುರದ ಕಡೆಯವರು. ಗಂಡ ದಸ್ತಗೀರ್ ಭಾಯಿಗೆ ಮಲಾಡ್ ಮಾರ್ಕೆಟ್ಟಿನಲ್ಲಿ ಟೇಲರಿಂಗ್ ಅಂಗಡಿ. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತೇನೆ, ಅವರು ನನ್ನನ್ನು ಅಣ್ಣಾರ ಎನ್ನುತ್ತಾರೆ. ನಮ್ಮಿಬ್ಬರಲ್ಲಿ ಹಿರಿಯರು ಯಾರೆಂಬ ಪ್ರಶ್ನೆ ಹದಿನೆಂಟು ವರ್ಷಗಳಿಂದ ಹಾಗೆಯೇ ಸುಖವಾಗಿ ಉಳಿದುಕೊಂಡಿದೆ. ಹೋದ ವರ್ಷ ಆಪಾ ದೀರ್ಘವಾದ ಜ್ವರದಲ್ಲಿ ಮಲಗಿದರು. ಔಷಧದ ಮೇಲೆ ಔಷಧ ನುಂಗಿ ಜ್ವರವೇನೋ ಹೋಯಿತು, ಹೋಗುವಾಗ ಹಸಿವೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ತಿಂದದ್ದು ನಿಲ್ಲದು, ಕೈಬಳೆಗಳು ಜಾರಿ ಮೊಣಕೈವರೆಗೆ ಬರುತ್ತಿದ್ದವು. ಆಗ ಆಸ್ಪತ್ರೆಯ ಪಕ್ಕದ ಮಂಚದ ಹೆಂಗಸೊಬ್ಬಳು ಕೊಟ್ಟಳಂತೆ ಕೆಫೀರೆಂಬ ಈ ಹುದುಗಿಸಿದ ಹಾಲನ್ನು. ದಿನಕ್ಕೊಂದು ಲೋಟದಂತೆ ಕುಡಿಯುತ್ತ ಕುಡಿಯುತ್ತ ಮೂರನೇ ತಿಂಗಳಿಗೆ ಆಪಾ ಜೋಳದ ರೊಟ್ಟಿ ಕೇಳಿದರು, ಬಳೆಗಳು ಮಣಿಕಟ್ಟಿಗೆ ಮರಳಿದವು. ಡಾಕ್ಟರರು “ಅದರಿಂದಲೂ ಇರಬಹುದು, ಕಾಲದಿಂದಲೂ ಇರಬಹುದು” ಎಂದರಂತೆ. ಆಪಾ ಕಾಲಕ್ಕೆ ಯಾವ ಶ್ರೇಯವನ್ನೂ ಕೊಡಲು ಸಿದ್ಧರಿರಲಿಲ್ಲ.

ಆ ದಿನದಿಂದ ನನಗೂ ನಿತ್ಯ ಒಂದು ಲೋಟ. ಮಜ್ಜಿಗೆಗೆ ಸಣ್ಣ ರೆಕ್ಕೆ ಮೂಡಿದಂಥ ರುಚಿ. ನಾಲಗೆಯ ಮೇಲೆ ಗುಳ್ಳೆಯೊಂದು ಪಿಸುಗುಟ್ಟಿ ಆರಿಹೋಗುತ್ತದೆ. ಮೊದಲ ವಾರ ಹೊಟ್ಟೆ ಗುಡುಗುಡು ಎಂದು ಪ್ರತಿಭಟಿಸಿತು, ಎರಡನೆಯ ವಾರ ಸಂಧಾನಕ್ಕೆ ಬಂತು, ತಿಂಗಳು ತುಂಬುವಷ್ಟರಲ್ಲಿ ಹೊಟ್ಟೆಯೆಂಬುದೊಂದು ಇದೆಯೆಂಬುದೇ ನನಗೆ ಮರೆತುಹೋಗಿತ್ತು. ವೀಣಾ ಹೋದಮೇಲೆ ಕಿಟಕಿಯ ಗ್ರಿಲ್ಲಿಗೆ ಒರಗಿ ನಿಂತು, ದೂರದ ಲೋಕಲ್ಲುಗಳ ಸದ್ದು ಹತ್ತಿ ಇಳಿಯುವುದನ್ನು ಕೇಳುತ್ತ, ಲೋಟ ಖಾಲಿಯಾಗುವವರೆಗಿನ ಆ ಹತ್ತು ನಿಮಿಷ ನಾನು ಯಾವ ಊರಿನವನೂ ಅಲ್ಲ, ಯಾವ ಕಚೇರಿಯವನೂ ಅಲ್ಲ. ಹಾಲು ತನ್ನೊಳಗೇ ಏನೋ ಯೋಚಿಸುತ್ತ ಇನ್ನೊಂದಾಗುವಂತೆ ನಾನೂ ನಿಂತಲ್ಲೇ ಮೆಲ್ಲಗೆ ಇನ್ನೊಬ್ಬನಾಗುತ್ತಿದ್ದೆ. ಆದರೆ ಗಮನಿಸಿ, ನಾನು ಕಂಡದ್ದು ಸೋಸಿ ಬಂದ ಲೋಟವನ್ನು ಮಾತ್ರ. ಆಪಾನ ಅಡುಗೆಮನೆಯ ಜಾಡಿಯೊಳಗೆ ಏನಿದೆಯೆಂದು ನಾನು ಇಣುಕಿ ನೋಡಿರಲಿಲ್ಲ.

ಹೀಗಿರುತ್ತ ಸೊಲ್ಲಾಪುರದಲ್ಲಿರುವ ಮಗಳ ಹೆರಿಗೆಗೆಂದು ಗಂಡಹೆಂಡತಿ ಮೂರು ವಾರದ ಮಟ್ಟಿಗೆ ಹೊರಟರು. ಕೆಳಗೆ ರಿಕ್ಷಾ ಹಾರ್ನ್ ಹೊಡೆಯುತ್ತಿತ್ತು, ದಸ್ತಗೀರ್ ಭಾಯಿ ಮೆಟ್ಟಿಲಿನಿಂದ ಕೂಗುತ್ತಿದ್ದರು, ಆಪಾ ನಮ್ಮ ಬಾಗಿಲಲ್ಲಿ ಜಾಡಿಯನ್ನು ಎದೆಗವಚಿಕೊಂಡು ನಿಂತಿದ್ದರು.

“ಫ್ರಿಜ್ಜಿನಾಗ ಇಟ್ರ ಮಂಕಾಗ್ತಾವ್ರೀ, ಅದಕ್ಕ ನಿಮ್ಮ ಕೈಯಾಗ ಕೊಡ್ತೀನಿ. ದೊಡ್ಡ ವಿದ್ಯಾ ಏನಲ್ಲ. ದಿನಾ ಮುಂಜಾನೆ ಸೋಸ್ರಿ, ಹೆಪ್ಪು ಜ್ವಾಕಿಯಿಂದ ತಗದಿಟ್ಕೋರಿ, ಹೊಸಾ ಹಾಲು ಹಾಕ್ರಿ. ಹೆಪ್ಪು ಹೋತಂದ್ರ ನನ್ನ ಹೊಟ್ಟೀನ ಹೋತ ನೋಡ್ರಿ ಅಣ್ಣಾರ!”

“ನನಗ ಹೆಪ್ಪು ಹಾಕೂದು ಕಲಿಸ್ತೀರೇನು ಆಪಾ?” ಎಂದು ನಾನು ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟು ಆತ್ಮವಿಶ್ವಾಸದ ನಗುವನ್ನು ಆಮೇಲೆ ನಾನು ನಕ್ಕಿಲ್ಲ.

ಮಾರನೆಯ ಮುಂಜಾನೆ ಶಾಸ್ತ್ರೋಕ್ತವಾಗಿ ಜರಡಿ ಹಿಡಿದು ಸೋಸಿದೆ. ಜರಡಿಯಲ್ಲಿ ಹೂಕೋಸಿನ ಚೂರಿನಂಥ ಬಿಳಿಯ ಗಂಟುಗಳು ಉಳಿದವು. ಅಯ್ಯೋ, ಹಾಲು ಒಡೆದಿದೆ, ಊರಿಗೆ ಹೋಗುವ ಗಡಿಬಿಡಿಯಲ್ಲಿ ಆಪಾ ನೋಡಿಲ್ಲ ಎಂದು ಮರುಗಿದೆ. ಗಂಟುಗಳನ್ನು ಹಸಿಕಸದ ಬಕೆಟ್ಟಿಗೆ ಚೆಲ್ಲಿ, ಜರಡಿ ತಿಕ್ಕಿ ತೊಳೆದೆ. ಬಳಿಕ ಸೋಸಿದ ರಸದಿಂದ ಒಂದೇ ಒಂದು ಚಮಚ ಹೆಪ್ಪನ್ನು, ಹೌದು, ಬಲು ಜ್ವಾಕಿಯಿಂದ, ಎತ್ತಿಟ್ಟು ಹೊಸ ಹಾಲಿಗೆ ಹಾಕಿದೆ. ನನ್ನ ಪಾಲಿಗೆ ಹೆಪ್ಪೆಂದರೆ ಅದೇ: ನಿನ್ನೆಯದರಿಂದ ಇಂದಿಗೆ ಉಳಿಸಿಕೊಂಡ ಒಂದು ಚಮಚ. ನನ್ನ ತಾಯಿಗೂ ಅದೇ, ಅವರ ತಾಯಿಗೂ ಅದೇ. ಒಂಬತ್ತೂವರೆಗೆ ಕಸದ ಗಾಡಿ ಬಂದು ಬಕೆಟ್ಟನ್ನು ಖಾಲಿ ಮಾಡಿಕೊಂಡು ಹೋಯಿತು.

ತಮಾಷೆಯೆಂದರೆ ಮೊದಲೆರಡು ದಿನ ಕೆಫೀರು ಚೆನ್ನಾಗಿಯೇ ಆಯಿತು. ಕ್ಯಾಲೆಂಡರಿನಲ್ಲಿ ‘ಉತ್ತಮ’ ಎಂದು ಬರೆದೆ. ಐದನೆಯ ದಿನ ತೆಳ್ಳಗಾಯಿತು. ಏಳನೆಯ ದಿನ ಗುಳ್ಳೆಯೂ ಇಲ್ಲ, ಪಿಸುಮಾತೂ ಇಲ್ಲ; ಬರಿಯ ಹುಳಿಹಾಲು, ಮುನಿಸಿಕೊಂಡವರ ಮುಖದಂಥದ್ದು. ಆಗ ಫೋನಿನಲ್ಲಿ ಒಂದು ವೀಡಿಯೊ ಹುಡುಕಿ ನೋಡಿದೆ. ಯಾರದೋ ಕೈಯೊಂದು, ಉಂಗುರವಿಲ್ಲದ ನಿಧಾನದ ಕೈ, ಹೂಕೋಸಿನ ಚೂರಿನಂಥ ಬಿಳಿಯ ಗಂಟುಗಳನ್ನು ಮರದ ಚಮಚದಿಂದ ಎತ್ತಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಹೊಸ ಹಾಲಿಗೆ ಇಳಿಸುತ್ತಿತ್ತು. ಗಂಟುಗಳೇ ಹೆಪ್ಪು. ರಸವೇ ಉಳಿಕೆ. ನಾನು ದೇವರನ್ನು ಚೆಲ್ಲಿ ತೀರ್ಥವನ್ನು ಕಾದಿದ್ದೆ.

ಸಂಜೆ ಬಂದ ವೀಣಾಳಿಗೆ ಹೇಳಿದೆ. ಅವಳು ನಗಲಿಲ್ಲ, ಅದರಿಂದಲೇ ವಿಷಯದ ಗಾಂಭೀರ್ಯ ನನಗೆ ತಿಳಿಯಿತು. “ಆಕಿ ಬರೂ ತನಕ ಎರಡು ವಾರ ಅದ. ದಹಿಸರದಾಗ ಹಿಟ್ಟಿನ ಗಿರಣಿ ಶಾಂತಕ್ಕ ಇದ್ದಾಳಲ್ಲ, ಆಪಾ ಮೊದಲಿದ್ದ ಚಾಳಿನ ನೆರಮನಿ ಗೆಳತಿ, ಆಕಿಗೂ ಆಪಾ ಕೊಟ್ಟಾಳಂತ. ಹೋಗಿ ಕೇಳ್ರಿ. ಆಪಾಗ ಮಾತ್ರ ಹೇಳಬ್ಯಾಡ್ರಿ. ಗಂಟಿಗೇನು ಹೆಸರು ಬರದಿರ್ತದೇನು?”

ಮರುದಿನ ಮಧ್ಯಾಹ್ನದ ಸ್ಲೋ ಲೋಕಲ್. ಆ ಹೊತ್ತಿನ ಲೋಕಲ್ಲನ್ನು ನೀವು ಕಂಡಿದ್ದೀರೋ ಇಲ್ಲವೋ; ಜನವಿಲ್ಲದ ಡಬ್ಬಿಯಲ್ಲಿ ಹಿಡಿಕೆಗಳೆಲ್ಲ ಒಂದೇ ತಾಳಕ್ಕೆ ತೂಗುತ್ತಿರುತ್ತವೆ, ಬಿಸಿಲು ಬೆಂಚಿನಿಂದ ಬೆಂಚಿಗೆ ಜಾಗ ಬದಲಾಯಿಸುತ್ತಿರುತ್ತದೆ. ಕಾಂದಿವಲಿ, ಬೊರಿವಲಿ, ಹೆಸರುಗಳು ಬಂದು ಹೋಗುತ್ತಿದ್ದವು. ಮಡಿಲಲ್ಲಿ ಖಾಲಿ ಜಾಡಿ. ಆಪಾ ಈಗ ಸೊಲ್ಲಾಪುರದಲ್ಲಿ ಮಗಳ ಬಾಣಂತನಕ್ಕೆ ಅಂಟಿನುಂಡೆ ಕಟ್ಟುತ್ತಿರಬಹುದು, ಮರಳಿ ಬಂದು ತನ್ನ ಲೋಟ ಕೇಳಿದಾಗ ನಾನು ಏನು ಕೊಡಲಿ ಎಂಬ ಚಿಂತೆ ಕೂಡ ಆ ತೂಗಾಟದಲ್ಲಿ ಮಂಪರಾಗಿ, ಅರ್ಧ ಕನಸಿನಂತಾಗಿ, ಹಳೆಯ ಬಳೆಯ ಸದ್ದಾಗಿ ಕೇಳಿಸುತ್ತಿತ್ತು. ಜಾರಿ ಮೊಣಕೈಗೆ ಬಂದ ಬಳೆ.

ಶಾಂತಕ್ಕನ ಗಿರಣಿಯಲ್ಲಿ ಎಲ್ಲವೂ ಬಿಳಿ. ಗೋಡೆ, ತಕ್ಕಡಿ, ಜೇಡರ ಬಲೆ, ಸ್ವತಃ ಶಾಂತಕ್ಕನ ರೆಪ್ಪೆಗೂದಲು. ಮೋಡದೊಳಗೆ ನಿಂತ ಹೆಂಗಸಿನೆದುರು ತಪ್ಪೊಪ್ಪಿಕೊಳ್ಳುವಂತಿತ್ತು. ನಾನು ಹೇಳಿ ಮುಗಿಸಿದೆ. ಅವಳು ಗಿರಣಿ ಬಂದ್ ಮಾಡಿದಳು.

“ಸೋಸಿ ಚೆಲ್ಲಿದ್ರಿ?”

“ಹೌದು ಶಾಂತಕ್ಕ.”

“ಗಂಟು ಚೆಲ್ಲಿ ನೀರು ಕಾದ್ರಿ! ಅಯ್ಯ ಶಿವನೇ, ಇಷ್ಟ ಓದಿದ ಗಂಡಸ!” ಅವಳು ನಕ್ಕ ನಗುವಿಗೆ ರೆಪ್ಪೆಯ ಹಿಟ್ಟು ಉದುರಿತು. ಒಳಗಿನಿಂದ ತನ್ನ ಜಾಡಿ ತಂದು, ಅರ್ಧದಷ್ಟು ಗಂಟುಗಳನ್ನು ನನ್ನ ಜಾಡಿಗೆ ಹಾಕಿ, ಮೇಲೆ ಹಾಲು ಸುರಿದು, ಬಾಯಿಗೆ ಬಟ್ಟೆ ಕಟ್ಟಿದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಒಂದು ಮಾತು ಹೇಳ್ತೀನಿ, ಹೊರಗ ಹೋಗಬಾರ್ದು. ನಿಮ್ಮ ಆಪಾನೂ ಎರಡ ಸಲ ಇವನ್ನ ಕೊಂದಾಳ. ಒಮ್ಮಿ ಸುಡೂ ಹಾಲು ಹಾಕಿದ್ಲು. ಒಮ್ಮಿ ಫೋನಿನ್ಯಾಗ ಮಾತಾಡ್ಕೋತ ತೊಳ್ಯಾಕ ಹೋಗಿ ಎಲ್ಲಾ ಮೋರಿ ಪಾಲು. ಎರಡೂ ಸಲ ಇಲ್ಲಿಂದನ ಒಯ್ದಾಳ, ಸೆರಗಿನಾಗ ಮುಚ್ಕೊಂಡು. ಊರಿಗೆಲ್ಲಾ ಕಲಿಸೂ ಉಸ್ತಾದ ಆಕಿ, ಉಸ್ತಾದನ ಕೈ ತಪ್ಪೇತಿ ಅಂತ ಹೊರಗ ಬಂದ್ರ ಹೆಂಗ್ರಿ?”

(ಆಪಾ ಕಲಿತದ್ದು ಉರ್ದು ಶಾಲೆಯಲ್ಲಿ, ಕನ್ನಡವನ್ನು ನನಗಿಂತ ಚೆನ್ನಾಗಿ ಆಡುತ್ತಾರೆ, ಓದಲು ಬಾರದು. ಆ ಒಂದು ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.)

ಮರಳುವಾಗ ಎದುರಿನ ಬೆಂಚಿನವರು ಜಾಡಿಯನ್ನೇ ನೋಡುತ್ತಿದ್ದರು. ಮೀನೇನೋ ಎಂದುಕೊಂಡು “ಮಛ್ಲಿ ಹೈ ಕ್ಯಾ?” ಎಂದು ಕೇಳಿಯೇಬಿಟ್ಟರು. “ದೂಧ್ ಹೈ” ಎಂದೆ. ಬರಿಯ ಹಾಲೆಂದರೆ ಸಾಲದೆನಿಸಿ “ಜಿಂದಾ ಹೈ”, ಜೀವಂತವಾಗಿದೆ, ಎಂದು ಸೇರಿಸಿದೆ. ಅವರು ಸ್ವಲ್ಪ ದೂರ ಸರಿದು ಕೂತರು. ನನಗೋ ಮನಸ್ಸು ಹತ್ತಿಯಂತೆ ಹಗುರವಾಗಿ ತೇಲುತ್ತಿತ್ತು. ಒಬ್ಬರು ಕೊಟ್ಟದ್ದು ಇನ್ನೊಬ್ಬರಲ್ಲಿ ಬೆಳೆದು, ಕೊಟ್ಟವರ ಮನೆಯಲ್ಲಿ ಸತ್ತಾಗ ತಿರುಗಿ ಬರುತ್ತದೆ. ಹಾಗಾದರೆ ಆಪಾ ದಹಿಸರಕ್ಕೆ ಕೊಟ್ಟ ಆ ಹಿಡಿಯಷ್ಟು ಗಂಟೇ ಅವರದಾಗಿ ಉಳಿದದ್ದು, ತಮ್ಮ ಹತ್ತಿರ ಇಟ್ಟುಕೊಂಡದ್ದಲ್ಲ. ಇದೇನು ದೊಡ್ಡ ತತ್ವ ಎನ್ನಬೇಡಿ. ಮಧ್ಯಾಹ್ನದ ಲೋಕಲ್ಲಿನಲ್ಲಿ ಇಷ್ಟು ಹೊಳೆದದ್ದೇ ಹೆಚ್ಚು.

ಮುಂದಿನ ದಿನಗಳಲ್ಲಿ ನಾನು ಆ ಗಂಟುಗಳನ್ನು ಸಾಕಿದ ಬಗೆಯನ್ನು ವರ್ಣಿಸಿದರೆ ನನ್ನ ಮಾನ ಹೋಗುತ್ತದೆ. ಹಾಲು ಆರಿದೆಯೋ ಇಲ್ಲವೋ ಎಂದು ಬೆರಳಿನ ಬದಲು ಮೊಣಕೈ ಅದ್ದಿ ನೋಡುತ್ತಿದ್ದೆ. ಆಪಾ ಬರುವ ಹೊತ್ತಿಗೆ ಅವು ತಂದದ್ದರ ಒಂದೂವರೆಯಷ್ಟಾಗಿದ್ದವು. ಲೋಟದಲ್ಲಿ ಗುಳ್ಳೆಗಳ ಪಿಸುಮಾತು ಮರಳಿತ್ತು.

ಭಾನುವಾರ ಮುಂಜಾನೆ ಆಪಾ ಬಂದರು. ಮೊಮ್ಮಗಳು ಹುಟ್ಟಿದ ಪೇಢೆ, ಸೊಲ್ಲಾಪುರದ ಶೇಂಗಾ ಚಟ್ನಿ. ಮಾತಿನ ನಡುವೆಯೇ ಜಾಡಿಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. “ನನ್ನ ಬಂಗಾರ! ಅಣ್ಣಾರ ಚಲೋ ನೋಡ್ಕೊಂಡ್ರೇನ?” ಎಂದು ಜಾಡಿಯನ್ನೇ ಕೇಳಿದರು. ವೀಣಾ ನನ್ನತ್ತ ಕಣ್ಣಲ್ಲೇ ಬೇಡ ಎಂದಳು. ನನ್ನನ್ನು ಕೇಳಿದ್ದರೆ ಸುಳ್ಳು ಹೇಳಿಬಿಡುತ್ತಿದ್ದೆನೋ ಏನೋ; ಜಾಡಿಯನ್ನು ಕೇಳಿದ್ದರಿಂದ ನನಗೆ ತಡೆಯಲಾಗಲಿಲ್ಲ.

“ಆಪಾ, ಇವು ನಿಮ್ಮವಲ್ಲ. ನಿಮ್ಮವನ್ನ ಮೊದಲನೇ ದಿನಾನ ಚೆಲ್ಲಿದೆ. ಒಡದ ಹಾಲು ಅಂತ ತಿಳಕೊಂಡೆ. ಇವನ್ನ ದಹಿಸರದಿಂದ ತಂದೀನಿ.”

ಆಪಾ ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಲಿಫ್ಟ್ ಮೇಲೆ ಬಂದು, ಬಾಗಿಲು ತೆರೆದು ಮುಚ್ಚಿ, ಕೆಳಗಿಳಿದು ಹೋಯಿತು.

“ಶಾಂತಕ್ಕನ ಕಡೆ ಹೋಗಿದ್ರಿ?”

“ಹೌದು.”

“ಆಕಿ…” ಆಪಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಆಕಿ ಏನಾರ ಅಂದ್ಲೇನು?”

ನಾನು ಒಂದು ಕ್ಷಣ ಅವರ ಬಳೆಗಳನ್ನು ನೋಡಿದೆ. ಮಣಿಕಟ್ಟಿನಲ್ಲಿಯೇ ಇದ್ದವು, ಬಿಗಿಯಾಗಿ.

“ಏನೂ ಅನ್ನಲಿಲ್ಲ ಆಪಾ. ನನ್ನ ನೋಡಿ ನಕ್ಕದ್ದ ನಕ್ಕದ್ದು. ಬ್ಯಾರೆ ಮಾತಿಗೆ ಎಡೀನ ಸಿಗಲಿಲ್ಲ.”

ಆಪಾ, ಮೊಸರು ಹೆಪ್ಪಾಗಿದೆಯೋ ಇಲ್ಲವೋ ಎಂದು ಪಾತ್ರೆಯನ್ನು ತುಸುವೇ ವಾಲಿಸಿ ನೋಡುವವರಂತೆ, ತಲೆ ವಾಲಿಸಿ ನನ್ನ ಮುಖವನ್ನು ನೋಡಿದರು. ನಾನು ಅಲುಗಾಡಲಿಲ್ಲ.

“ನಂದು ತಪ್ಪಾತು. ಹೊಟ್ಟೀಗೆ ಹಾಕ್ಕೋರಿ ಆಪಾ” ಎಂದೆ.

ಅವರು ಲೋಟಕ್ಕೆ ಕೆಫೀರು ಬಗ್ಗಿಸಿಕೊಂಡು, ನಿಂತಲ್ಲಿಯೇ, ಒಂದೇ ಉಸಿರಿಗೆ ಕುಡಿದರು. ಮೇಲ್ದುಟಿಯ ಬಿಳಿಯ ಮೀಸೆಯನ್ನು ಒರೆಸಿಕೊಂಡು ಗಟ್ಟಿಯಾಗಿ ನಕ್ಕರು.

“ಹಾಕ್ಕೊಂಡೆ ತಗೋರಿ ಅಣ್ಣಾರ!” ಇನ್ನೊಂದು ಲೋಟ ತುಂಬಿ ನನ್ನ ಕೈಗಿಟ್ಟರು. “ನೀವೂ ಕುಡೀರಿ. ನಿಮ್ಮ ಹೊಟ್ಯಾಗೂ ಏನಾರ ಇದ್ರ, ಅದು ಅಲ್ಲೇ ಇರ್ಲಿ.”

ನಾನೂ ಒಂದೇ ಉಸಿರಿಗೆ ಕುಡಿದೆ. ಹುಳಿ ಹದವಾಗಿತ್ತು.