ಬೀಗಿತ್ತಿ ಕರೆದಿದ್ದ ಊಟ

ಅನ್ನ ಬೆಂದಿದೆಯೇ ಎಂದು ಮೆಹರ್ ಖಾಲಾ ಮುಚ್ಚಳ ತೆಗೆದು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿ ಪಾತ್ರೆಯ ಹತ್ತಿರಕ್ಕೆ ಕಿವಿ ತಂದು, ಕಣ್ಣು ಮುಚ್ಚಿ ನಿಂತುಬಿಡುವರು. ಆಗ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. "ಇನ್ನೂ ಗುಳುಗುಳು ಅಂತೈತೆ. ಚಿಟಿಚಿಟಿ ಅನ್ನೋ ತನಕ ಮುಟ್ಟಬಾರದು" ಎನ್ನುವರು. ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನಿನ ಸದ್ದು ಅಡ್ಡ ಬರುತ್ತದೆಂದು ಅದನ್ನೂ ಆರಿಸಿಬಿಡುವರು. ಮರುಕ್ಷಣವೇ ಸೂರಿನಲ್ಲಿದ್ದ ಸ್ಮೋಕ್ ಅಲಾರಂ ಕಿರುಚಿಕೊಳ್ಳುವುದು. "ಏನ್ ಮನೆ ಕಟ್ಟಿದಾರಪ್ಪಾ ಇವ್ರು! ಈರುಳ್ಳಿ ಹುರಿದ್ರೆ ಮನೆನೇ ಅಳ್ತೈತೆ!"

ಡಚ್ಚರ ನಾಡಿನ ಬೈಟನ್‌ವೆಲ್ಡರ್ಟ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಇಮ್ರಾನನ ತಾಯಿ ಅವರು, ದಾವಣಗೆರೆಯವರು. ಮಗನ ಮದುವೆಯಾದ ಮೇಲೆ ಮೊದಲ ಸಲ ಬಂದಿದ್ದರು. ಸೊಸೆಯ ಹೆಸರು ರತ್ನಾ. ಹೆಸರು ಕೇಳಿ ನಮ್ಮ ಕಡೆಯ ಹುಡುಗಿ ಎಂದುಕೊಂಡವರೇ ಹೆಚ್ಚು. ಅವಳು ಇಲ್ಲೇ ಹುಟ್ಟಿದವಳು, ಅಪ್ಪ ಅಮ್ಮ ಇಂಡೋನೇಷ್ಯಾದ ಸುರಬಾಯಾ ಕಡೆಯವರು. ಖಾಲಾಗೆ ಇಂಗ್ಲಿಷ್ ಬಾರದು, ರತ್ನಾಗೆ ಕನ್ನಡವೂ ಬಾರದು, ದಖನಿಯೂ ಬಾರದು. ಇಮ್ರಾನ್ ಬೆಳಿಗ್ಗೆಯೇ ಸೈಕಲ್ ಹತ್ತಿ ಪಕ್ಕದ ಜೈಡಾಸ್ ಬಡಾವಣೆಯ ಆಫೀಸಿಗೆ ಹೋಗಿಬಿಡುತ್ತಿದ್ದ. ಮನೆಯಿಂದಲೇ ಕೆಲಸ ಮಾಡುವ ನಾನು ಅತ್ತೆ ಸೊಸೆಯರ ನಡುವಿನ ದುಭಾಷಿಯಾದೆ. ನಾನು ಮೈಸೂರಿನ ಸಸ್ಯಾಹಾರಿ ಎಂಬುದು ಖಾಲಾಗೆ ದೊಡ್ಡ ತಮಾಷೆ. "ನೀನ್ ತಿನ್ನೋದ್ ಬ್ಯಾಡ ಬೇಟಾ, ಬಂದು ಮೂಸಿ ಹೋಗು. ಮೂಗಿಗೆ ಎಂಥಾ ಜಾತಿ?"

ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡರು. ಹುಡುಗಿ ನಮ್ಮ ಕಡೆಯವಳಲ್ಲ ಎಂದು ಮುನಿಸಿಕೊಂಡು ಅವರು ಮದುವೆಗೆ ಬಂದಿರಲಿಲ್ಲ. ಆದರೂ ರತ್ನಾಳ ತಾಯಿ ವಿಡಿಯೋ ಕಾಲಿನಲ್ಲಿ ಕೈಸನ್ನೆ ಮಾಡಿ, ಇಮ್ರಾನನ ಬಾಯಲ್ಲಿ ಹೇಳಿಸಿ ಕರೆದಿದ್ದರಂತೆ: ನೀವು ಬರಬೇಕು, ನನ್ನ ಕೈಯಾರೆ ನಾಸಿ ಕೆಬುಲಿ ಮಾಡಿ ನಿಮಗೆ ಬಡಿಸಬೇಕು. ಮಟನ್ನಿನ ಸಾರಿನಲ್ಲೇ ಬೇಯಿಸುವ ಮಸಾಲೆ ಅನ್ನ ಅದು. ಅವರಲ್ಲಿ ಬೀಗರಿಗೆ, ಹಬ್ಬಕ್ಕೆ ಅದೇ ಆಗಬೇಕು.

"ನೋಡಣ ಅಂದೆ ಬೇಟಾ. ನೋಡಣ ಅಂದು ಫೋನ್ ಇಮ್ರಾನ್ ಕೈಗ್ ಕೊಟ್‌ಬಿಟ್ಟೆ. ಆಕಿ ಹೋಗೇಬಿಟ್ಳು."

ತಾಯಿ ತೀರಿಕೊಂಡ ಮೇಲೆ ರತ್ನಾ ಒಲೆಯ ಮುಂದೆ ನಿಂತಿರಲಿಲ್ಲ. ಬ್ರೆಡ್ಡು, ಚೀಸಿನಲ್ಲೇ ದಿನ ದೂಡುತ್ತಿದ್ದಳು. ಬರುವ ಈದಿಗೆ ಮನೆಯಲ್ಲಿ ಏನೂ ಬೇಡ ಎಂದೂ ಹೇಳಿದ್ದಳು.

"ಆ ಅನ್ನ ಮಾಡಿ ಈ ಹುಡುಗಿ ಬಾಯಿಗೆ ಹಾಕ್ಬೇಕು. ಹಂಗೇ ಊರಿಗೆ ಹೋದ್ರೆ ನನಗೆ ನಿದ್ದೆ ಬರಲ್ಲ" ಎಂದರು ಖಾಲಾ.

ಹಟ ಬಂದರೆ ಅವರಿಗೆ ಭಾಷೆಯ ಹಂಗಿರಲಿಲ್ಲ. ತುರ್ಕಿ ಕಟುಕನ ಅಂಗಡಿಯಲ್ಲಿ ತಮ್ಮ ಭುಜವನ್ನೇ ತಟ್ಟಿ ತೋರಿಸಿ, "ಇಲ್ಲಿಂದು ಕೊಡು, ಮೂಳೆ ಸಮೇತ" ಎಂದು ಅಚ್ಚ ಕನ್ನಡದಲ್ಲಿ ಹೇಳಿ, ಕೇಳಿದ್ದನ್ನೇ ತಂದರು. ಆದರೆ ಮನೆಗೆ ಬಂದು ಮಾಡಿದ್ದೇನು? ಪುದೀನ, ಹಸಿಮೆಣಸಿನಕಾಯಿ, ಮೊಸರು, ಪದರ ಪದರವಾಗಿ ಅನ್ನ, ಮುಚ್ಚಳದ ಸುತ್ತ ಮೆತ್ತಿದ ಗೋಧಿಹಿಟ್ಟು. ರತ್ನಾ ಒಂದು ತುತ್ತು ತಿಂದು, ನಕ್ಕು, "ಬಿರಿಯಾನಿ ತುಂಬಾ ಚೆನ್ನಾಗಿದೆ" ಎಂದಳು. ಆ ಮಾತಿಗೆ ನನ್ನ ಅನುವಾದ ಬೇಕಾಗಲಿಲ್ಲ. ಖಾಲಾ ಮುಖ ಸಣ್ಣದಾಯಿತು. "ಬಿರಿಯಾನಿ ಅಂದ್ಳಲ್ಲೋ!" ಎಂದು ಸಂಜೆಯವರೆಗೂ ಗೊಣಗಿದರು.

ಮರುದಿನ ಅವರನ್ನು ಟೋಕೋಗೆ ಕರೆದುಕೊಂಡು ಹೋದೆ. ಇಲ್ಲಿ ಇಂಡೋನೇಷ್ಯಾದ ದಿನಸಿ ಅಂಗಡಿಗೆ ಹಾಗೆನ್ನುತ್ತಾರೆ. ಅಂಗಡಿಯಾಕೆ ಹೇಳಿದ್ದನ್ನು ನಾನು ಒಂದೊಂದಾಗಿ ಕನ್ನಡಕ್ಕೆ ತಂದೆ. ಮಾಂಸವನ್ನು ಮಸಾಲೆಯ ಜೊತೆ ಬೇಯಿಸಿ ಸಾರು ಬಸಿಯಬೇಕು. ಅಕ್ಕಿಯನ್ನು ತುಪ್ಪದಲ್ಲಿ ಹುರಿದು, ಆ ಸಾರಿಗೆ ಹಾಲು ಸೇರಿಸಿ ಅದರಲ್ಲೇ ಬೇಯಿಸಬೇಕು. ಜಾಯಿಕಾಯಿ ಮರೆಯಬಾರದು. ಪುದೀನ ಇಲ್ಲ. ಪದರವೂ ಇಲ್ಲ.

"ಹಾಲಾ? ಮಟನ್‌ಗಾ? ಸರಿಯಾಗಿ ಕೇಳು, ಮೊಸರು ಅಂದಿರ್ತಾಳೆ."

ನಾನು ಮತ್ತೆ ಕೇಳಿದೆ. ಹಾಲೇ.

"ನಮ್ಮ ಮದುವೆ ಮನೆಗಳಲ್ಲಿ ಹಿಂಗ್ ಮಾಡಿದ್ರೆ ಬಾಬರ್ಚಿನ ಓಡಿಸಿಬಿಡ್ತಾರೆ" ಎಂದರು ಖಾಲಾ. ಆದರೆ ದಾರಿಯಲ್ಲಿ ಹಾಲು ಕೊಳ್ಳುವುದನ್ನು ಮರೆಯಲಿಲ್ಲ.

ಈದ್ ಹಬ್ಬದ ಹಿಂದಿನ ಸಂಜೆ ಪುದೀನದ ಕಟ್ಟನ್ನು ತಂದು ನಮ್ಮ ಫ್ರಿಜ್ಜಿನಲ್ಲಿಟ್ಟರು. "ಇದು ನಿನ್ ಹತ್ರ ಇರ್ಲಿ. ಮನೆಯಾಗಿದ್ರೆ ನನ್ನ ಕೈ ತಾನಾಗೇ ಅದರ ಕಡೆ ಹೋಗ್ತೈತೆ. ನಾಳೆ ನಾನೇ ಬಂದು ಕೇಳಿದ್ರೂ ಕೊಡಬ್ಯಾಡ." ಬೆಳಿಗ್ಗೆ ನಿಜಕ್ಕೂ ಒಂದು ಸಲ ಬಂದು ಬಾಗಿಲು ತಟ್ಟಿದರು. ನಾನು ಕೊಡಲಿಲ್ಲ. "ಶಾಬಾಶ್" ಎಂದು ಹೊರಟುಹೋದರು.

ಮಧ್ಯಾಹ್ನ ಮೇಜಿನ ಮೇಲೆ ಕಂದು ಬಣ್ಣದ ಅನ್ನ, ಅದರ ಮೇಲೆ ಕರಿದ ಈರುಳ್ಳಿ, ಪಕ್ಕದಲ್ಲಿ ವಿನೆಗರ್‌ನಲ್ಲಿ ನೆನೆಸಿದ ಸೌತೆಕಾಯಿ, ಅನಾನಸ್ ಹೋಳು. ನನ್ನ ಮುಂದೆ ಶ್ಯಾವಿಗೆಯ ಶೀರ್ ಖುರ್ಮಾ. ಇಮ್ರಾನ್ ಪ್ಲೇಟಿನಿಂದ ತಲೆಯೆತ್ತಲಿಲ್ಲ. ರತ್ನಾ ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಎದ್ದು ಒಳಗೆ ಹೋದಳು. ಖಾಲಾ ನನ್ನ ತೋಳು ಹಿಡಿದುಕೊಂಡರು. "ಮತ್ತೆ ಕೆಡಿಸಿದ್ನಾ ಬೇಟಾ?"

ರತ್ನಾ ಹಿಂತಿರುಗಿದಾಗ ಅವಳ ಕೈಯಲ್ಲಿ ಜಾಯಿಕಾಯಿಯೂ ಒಂದು ಪುಟ್ಟ ತುರಿಮಣೆಯೂ ಇದ್ದವು. ನಿಂತುಕೊಂಡೇ ಅನ್ನದ ಮೇಲೆ ತುರಿಯತೊಡಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. "ಅಮ್ಮ ಇಷ್ಟು ಹಾಕ್ತಿದ್ರು. ಇವರು ಹೆದರಿ ಹೆದರಿ ಹಾಕಿದ್ದಾರೆ. ಮುಂದಿನ ಸಲ ಅಕ್ಕಿ ಹುರಿಯುವಾಗಲೇ ಹಾಕಬೇಕು ಅಂತ ಹೇಳಿ."

ನಾನು ಅಂಜುತ್ತಲೇ ಕನ್ನಡದಲ್ಲಿ ಹೇಳಿದೆ. ಖಾಲಾ ಮುಖ ಅರಳಿತು. "ಬೈದ್ಳು! ಇಮ್ರಾನ್, ಕೇಳಿದ್ಯಾ, ನನ್ ಸೊಸೆ ನನಗೇ ಬೈದ್ಳು!"

ರತ್ನಾ ಆಮೇಲೆ ಅತ್ತೆಯ ತಟ್ಟೆಗೆ ತಾನೇ ಬಡಿಸಿದಳು, ಮೂಳೆಯಿರುವ ದೊಡ್ಡ ತುಂಡನ್ನು ಆರಿಸಿ.

ಖಾಲಾರನ್ನು ನಾನು ಕೊನೆಯ ಸಲ ಕಂಡದ್ದು ಅವರು ಊರಿಗೆ ಹೊರಟ ದಿನ. ಆಮೇಲೆ ಮಂಡಿನೋವು ಅವರನ್ನು ವಿಮಾನ ಹತ್ತಿಸಲಿಲ್ಲ. ಹೋದ ವರ್ಷ ದಾವಣಗೆರೆಯಲ್ಲೇ ತೀರಿಕೊಂಡರು. ಊರಿಗೆ ಹೊರಟ ಆ ದಿನ ಇಮ್ರಾನ್ ಕೆಲಸದ ಮೇಲೆ ಐಂಡ್‌ಹೋವನ್‌ನಲ್ಲಿದ್ದ. ಅವರನ್ನು ಏರ್‌ಪೋರ್ಟಿಗೆ ಬಿಡಲು ಹೊರಟಿದ್ದು ನನ್ನ ಕಾರು, ಜೊತೆಗೆ ರತ್ನಾ. ದಾರಿಯಲ್ಲಿ ಖಾಲಾ ಕಬರಸ್ಥಾನಕ್ಕೆ ಹೋಗೋಣವೆಂದರು. ಮುಳ್ಳಿಲ್ಲದ ಗಿಡಗಳ ಬೇಲಿ, ಸಾಲು ಸಾಲು ತಗ್ಗು ಕಲ್ಲುಗಳು. ರತ್ನಾ ತಾಯಿಯ ಕಲ್ಲನ್ನು ತೋರಿಸಿದಳು. ಖಾಲಾ ದುವಾ ಮುಗಿಸಿ, ಪಕ್ಕದ ಮನೆಯವಳ ಜೊತೆ ಮಾತಾಡುವಂತೆ ಬೀಗಿತ್ತಿಗೆ ಹೇಳಿದರು:

"ಸಮ್‌ಧನ್, ಬಂದೆ ನೋಡು. ತಡ ಆತು. ನಿನ್ ಮಗಳು ಬಡಿಸಿದ್ಳು, ಹೊಟ್ಟೆ ತುಂಬ ಉಂಡೆ."

ಏನಂದರು ಎಂದು ರತ್ನಾ ಕೇಳಿದಳು. ಹೇಳಿದೆ. ಅವಳು "ಅಮ್ಮ ಇದ್ದಿದ್ದರೆ ಇನ್ನೊಂದು ಸಲ ಬಡಿಸದೆ ಏಳೋಕೆ ಬಿಡ್ತಿರಲಿಲ್ಲ ಅಂತ ಹೇಳಿ" ಎಂದಳು.

ಅದನ್ನೂ ಹೇಳಿದೆ. ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದರು.

"ಮತ್ತೆ ನೀನ್ಯಾಕೆ ಏಳಾಕ್ ಬಿಟ್ಟೆ?"