ಬಲಗಡೆಯ ಸಾಲಿನ ಟೆಕ್ಲೆ

ಟೆಕ್ಲೆಯಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ; ಕನ್ನಡಿಯಲ್ಲಿ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಲಿಥುವೇನಿಯಾದ ಕುಪಿಷ್ಕಿಸ್ ಪಟ್ಟಣದಾಚೆ ನಮ್ಮದೊಂದು ರೊಟ್ಟಿ ಮ್ಯೂಸಿಯಂ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಒಲೆ ಹೊತ್ತಿಸಿ ನೆಲ ಒರೆಸುವವಳು ಅವಳು. ನಾನು ಮೋರ್ಟಾ, ಟಿಕೆಟ್ ಕಿಟಕಿಯವಳು. ಅವಳು ಬಜೆ ಎಲೆಯ ಮೇಲೆ ಬೇಯಿಸುವ ಕಪ್ಪು ರೊಟ್ಟಿಯ ಘಮಕ್ಕೆ ಎಷ್ಟೋ ಜನ ದಾರಿ ಬಿಟ್ಟು ನಮ್ಮ ಅಂಗಳಕ್ಕೆ ಬಂದದ್ದುಂಟು.

ಆ ವಸಂತದಲ್ಲಿ ನಮ್ಮ ಗೈಡ್ ನಿವೃತ್ತರಾದರು. ನಿರ್ದೇಶಕ ಗಿಂಟೌಟಸ್ ಟೆಕ್ಲೆಯನ್ನು ಕರೆದರು.

"ಟೆಕ್ಲೆಯವರೇ, ಇನ್ಮೇಲೆ ಒಲೆಗೂ ಗೈಡಿಗೂ ಸೇರಿ ಒಂದೇ ಹುದ್ದೆ. ಇಂಗ್ಲಿಷ್ ಬರ್ಲೇಬೇಕು. ಎರಡು ತಿಂಗಳಾದ್ಮೇಲೆ ಐರ್ಲೆಂಡಿನವರು ಬರ್ತಾರೆ, ನೀವೇ ಅವರಿಗೆಲ್ಲ ತೋರಿಸ್ಬೇಕು. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ತಗೋಬೇಕಾಗುತ್ತೆ."

ಐವತ್ತೇಳರ ಹೆಂಗಸು! ಶಾಲೆಯಲ್ಲಿ ಕಲಿತದ್ದು ರಷ್ಯನ್. ನನಗೆ ಮೈಯೆಲ್ಲ ಉರಿದುಹೋಯಿತು. ಟೆಕ್ಲೆ ಮಾತ್ರ ಏಪ್ರನ್ನಿಗೆ ಕೈ ಒರೆಸಿಕೊಂಡು ನೇರ ಗ್ರಂಥಾಲಯಕ್ಕೆ ಹೋದಳು.

ಗ್ರಂಥಾಲಯದವಳು ಒಂದು ಪಟ್ಟಿ ಕೊಟ್ಟಳು. ಎಡಗಡೆ ಹ್ಯಾಪಿ, ಪಾಸಿಬಲ್, ಪೇಶೆಂಟ್, ಆನೆಸ್ಟ್. ಬಲಗಡೆ ಅವುಗಳ ಉಲ್ಟಾ: ಅನ್‌ಹ್ಯಾಪಿ, ಇಂಪಾಸಿಬಲ್, ಇಂಪೇಶೆಂಟ್, ಡಿಸಾನೆಸ್ಟ್, ಹೀಗೇ ಉದ್ದಕ್ಕೆ. ಪ್ರತಿಯೊಂದರ ಕೆಳಗೂ ನಮ್ಮ ಲಿಥುವೇನಿಯನ್ ಮಾತು. ಟೆಕ್ಲೆ ಅದನ್ನು ಹಿಟ್ಟಿನ ತೊಟ್ಟಿಯ ಮೇಲೆ ಅಂಟಿಸಿ, ಹಿಟ್ಟು ನಾದುತ್ತಾ ಗಟ್ಟಿಯಾಗಿ ಓದತೊಡಗಿದಳು.

"ನೋಡೇ ಮೋರ್ಟಾ, ಖುಷಿಯಾಗಿದ್ರೆ ಲೈಮಿಂಗಸ್, ಇಲ್ಲದಿದ್ರೆ ನೆಲೈಮಿಂಗಸ್. ಒಂದು 'ನೆ' ಸೇರಿಸಿದ್ರೆ ನಮ್ಮ ಕೆಲಸ ಆಯ್ತು. ಇವರು ಒಂದೊಂದು ಮಾತಿಗೂ ಒಂದೊಂದು ಟೋಪಿ ಹಾಕ್ತಾರಲ್ಲೇ!"

"ನಿಂಗೂ ಹಾಕ್ತಿದಾರೆ, ನೋಡ್ಕೋ" ಅಂದೆ.

ಎರಡು ತಿಂಗಳಲ್ಲಿ ಬಲಗಡೆಯ ಸಾಲು ಅವಳಿಗೆ ಕಂಠಪಾಠವಾಯಿತು. ಎಡಗಡೆಯದನ್ನು ಮಾತ್ರ ಬಾಯಿಗೇ ತರಲಿಲ್ಲ. ಯಾಕೆ ಅಂತ ಕೇಳಿದರೆ, "ಒಳ್ಳೇದನ್ನ ಬಾಯಿಬಿಟ್ಟು ಹೇಳ್ಕೊಳ್ಳೋದು ಬಡಾಯಿ ಅಲ್ವೇನೇ? ತೊಂದ್ರೆ ಬಂದಾಗ ತಾನೆ ಮಾತು ಬೇಕಾಗೋದು" ಎಂದಳು. ನಾನೂ ತಲೆಯಾಡಿಸಿದೆ. ನಮ್ಮ ಕಡೆಯವರೇ ಹಾಗೆ. ಹೇಗಿದ್ದೀರಿ ಎಂದರೆ 'ನೆಬ್ಲೋಗೈ' ಅನ್ನುತ್ತೇವೆ, ಕೆಟ್ಟದಾಗೇನಿಲ್ಲ ಅಂತ. ಮದುಮಗಳು ಅಪ್ಸರೆಯಾಗಿದ್ದರೂ 'ಕುರೂಪಿಯೇನಲ್ಲ' ಎಂದು ಹೇಳಿ ಸುಮ್ಮನಾಗುತ್ತೇವೆ.

ಐರ್ಲೆಂಡಿನ ಹನ್ನೆರಡು ಮಂದಿ ಬಂದರು. ಗಿಂಟೌಟಸ್ ಕೈಕಟ್ಟಿಕೊಂಡು ಬಾಗಿಲ ಬಳಿ ನಿಂತರು. ನಾನು ಟಿಕೆಟ್ ಕಿಟಕಿ ಮುಚ್ಚಿ ಒಳಗೆ ನುಸುಳಿದೆ.

ಟೆಕ್ಲೆ ಒಲೆ ತೋರಿಸಿ, "ನಾಟ್ ಅಗ್ಲಿ" ಅಂದಳು. ನೂರು ವರ್ಷದ ಮರದ ಮನೆಯನ್ನು ತೋರಿಸಿ, "ನಾಟ್ ಅನ್‌ಸೇಫ್". ಅತಿಥಿಗಳು ಚಾವಣಿಯ ಕಡೆ ಕಣ್ಣೆತ್ತಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬಿಸಿ ರೊಟ್ಟಿ ಕೊಯ್ದು, ಬೆಣ್ಣೆ ಜೇನು ಸವರಿ ಹಂಚಿದಳು. ರುಚಿ ಹೇಗೆ ಎಂದು ಒಬ್ಬಾಕೆ ಕೇಳಿದರೆ, "ನಾಟ್ ಬ್ಯಾಡ್. ನಾಟ್ ಅನ್‌ಹೆಲ್ದಿ." ಮುಗಿಯಿತಲ್ಲ! ಆಕೆ ಚೂರನ್ನು ಮೂಸಿ ಕೆಳಗಿಟ್ಟಳು, ಅವಳನ್ನು ನೋಡಿ ಉಳಿದವರೂ ಇಡತೊಡಗಿದರು. ಗಿಂಟೌಟಸ್ ಗಡಿಯಾರ ನೋಡಿಕೊಂಡರು. ಎಡಗಡೆಯ ಒಂದೇ ಒಂದು ಮಾತು ಹೇಳೇ ಪುಣ್ಯಾತ್ಗಿತ್ತಿ ಎಂದು ನಾನು ಒಳಗೊಳಗೇ ಹಲ್ಲು ಕಡಿದೆ.

ಆಗ ಒಬ್ಬ ಮುದುಕನ ಕೈಯಿಂದ ಚೂರು ನೆಲಕ್ಕೆ ಬಿತ್ತು. ಪಾಪ, ನಾಚಿಕೆಯಿಂದ ಅವನು ಅದನ್ನು ಬೂಟಿನ ತುದಿಯಿಂದ ಬೆಂಚಿನ ಕೆಳಗೆ ತಳ್ಳಿದ.

ಟೆಕ್ಲೆ ಓಡಿಬಂದು ಅವನ ಕಾಲ ಬಳಿ ಮಂಡಿಯೂರಿದಳು. ಚೂರನ್ನು ಎತ್ತಿ, ಧೂಳು ಊದಿ, ಮುತ್ತಿಟ್ಟಳು. ನಮ್ಮಲ್ಲಿ ರೊಟ್ಟಿ ಬಿದ್ದರೆ ಕೂಸೂ ಹಾಗೇ ಮಾಡುತ್ತದೆ, ಅದರಲ್ಲೇನು ವಿಶೇಷ? ಆದರೆ ಐರ್ಲೆಂಡಿನವರು ಉಸಿರಾಡುವುದನ್ನೂ ಮರೆತು ನೋಡುತ್ತಿದ್ದರು. ಮುದುಕ ಮೆಲ್ಲಗೆ ಯಾಕೆ ಎಂದು ಕೇಳಿದ.

ಟೆಕ್ಲೆ ಪಟ್ಟಿಯ ಕಡೆ ನೋಡಲೇ ಇಲ್ಲ. "ಮೈ ಗ್ರ್ಯಾಂಡ್‌ಮದರ್. ಸೈಬೀರಿಯಾ. ಇಲೆವೆನ್ ಇಯರ್ಸ್" ಅಂದಳು. ಅಜ್ಜಿಯ ಕಾಲದಲ್ಲಿ ರಷ್ಯದವರು ನಮ್ಮವರನ್ನು ಅಲ್ಲಿಗೆ ಗಡೀಪಾರು ಮಾಡಿದ್ದರು. "ಅನ್‌ಹ್ಯಾಪಿ. ಅನ್‌ಹೆಲ್ದಿ. ಬ್ರೆಡ್, ಇಂಪಾಸಿಬಲ್."

ಅವಳು ಎದ್ದು, ಹೊಸ ರೊಟ್ಟಿಯನ್ನು ಎದೆಗೊತ್ತಿ ಹಿಡಿದು, ದಪ್ಪನೆಯ ಚೂರು ಕೊಯ್ದು ಮುದುಕನ ಅಂಗೈಯಲ್ಲಿಟ್ಟಳು.

"ನೌ, ಪಾಸಿಬಲ್" ಅಂದಳು. "ಈಟ್."

ಮುದುಕ ಮೊದಲು ಚೂರಿಗೆ ಮುತ್ತಿಟ್ಟು, ಆಮೇಲೆ ತಿಂದ. ಅಷ್ಟೇ ನೋಡಿ, ಹನ್ನೆರಡೂ ಮಂದಿ ಮುತ್ತಿಡುವವರೇ, ತಿನ್ನುವವರೇ! ಮೂರು ರೊಟ್ಟಿ ಖಾಲಿ. ನಾನು ಅಲ್ಲೇ ನಿಂತು ಗಳಗಳ ಅತ್ತೆ, ನಾಚಿಕೆ ಗೀಚಿಕೆ ಏನೂ ಆಗಲಿಲ್ಲ.

ಬಸ್ಸು ಹೋದ ಮೇಲೆ ಟೆಕ್ಲೆ ಏಪ್ರನ್ ಬಿಚ್ಚಿ ಮಡಚತೊಡಗಿದಳು, ಕೆಲಸ ಹೋಯಿತೆಂದೇ ಅವಳ ಲೆಕ್ಕ. ಗಿಂಟೌಟಸ್ ಬಂದು ತಟ್ಟೆಯಲ್ಲಿ ಉಳಿದಿದ್ದ ತುಣುಕನ್ನು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದರು.

"ನೆಬ್ಲೋಗೈ, ಟೆಕ್ಲೆಯವರೇ. ಬುಧವಾರ ಜರ್ಮನ್ನರು ಬರ್ತಾರೆ. ಐದು ರೊಟ್ಟಿ ಜಾಸ್ತಿ ಮಾಡಿ."

ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ಯಾರನ್ನೂ ಅಷ್ಟು ಹೊಗಳಿದ್ದಿಲ್ಲ. ಟೆಕ್ಲೆಯ ಮುಖ ಒಲೆಬಾಯಿಯಂತೆ ಕೆಂಪಾಯಿತು. ಮಡಚಿದ್ದ ಏಪ್ರನ್ ಕೊಡವಿ ಮತ್ತೆ ಕಟ್ಟಿಕೊಂಡಳು.

"ಹೇಗನ್ಸುತ್ತೇ ಈಗ?" ಎಂದೆ.

"ನಾಟ್ ಅನ್‌ಹ್ಯಾಪಿ" ಎಂದು, ಹುಳಿಹಿಟ್ಟಿನ ಮುಚ್ಚಳ ತೆಗೆದಳು.