ಹಸಿರು ಶಾಯಿಯ ಬೋಪಯ್ಯನವರು

ಬೋಪಯ್ಯನವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನುಗಳಿರುತ್ತಿದ್ದವು. ನೀಲಿಯದು ಬ್ಯಾಂಕಿಗೆ, ಪಿಂಚಣಿಯ ಅರ್ಜಿಗೆ. ಹಸಿರಿನದು ಫುಟ್‌ಬಾಲಿಗೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹಸಿರು ಶಾಯಿಯಲ್ಲಿ ಬರೆಯುವ ಹಕ್ಕು ಬಹಳ ದೊಡ್ಡ ಅಧಿಕಾರಿಗಳಿಗೆ ಮಾತ್ರ. ಸೆಕ್ಷನ್ ಆಫೀಸರಾಗಿದ್ದ ಬೋಪಯ್ಯನವರು ತಮ್ಮ ಸರ್ವೀಸಿನುದ್ದಕ್ಕೂ ಬೇರೆಯವರ ಹಸಿರು ಅಕ್ಷರಗಳನ್ನು ಓದಿ, ಅವು ಹೇಳಿದಂತೆ ನಡೆದು, ನಿವೃತ್ತರಾದ ಮಾರನೆಯ ದಿನವೇ ಕರೋಲ್ ಬಾಗಿಗೆ ಹೋಗಿ ಒಂದು ಹಸಿರು ಪೆನ್ನು ಕೊಂಡು ತಂದರು. "ಇನ್ನು ಮೇಲೆ ನಮ್ಮ ಕ್ಲಬ್ಬಿನ ಮಟ್ಟಿಗೆ ನಾನೇ ಸೆಕ್ರೆಟರಿ" ಎಂದು ಘೋಷಿಸಿದರಂತೆ. ಅವರ ಹೆಂಡತಿ ಬೊಳ್ಳಮ್ಮ ಆಂಟಿ ಇದನ್ನು ಹೇಳುವಾಗಲೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆ ಕ್ಲಬ್ಬಿನ ಹೆಸರನ್ನು ನಾನು ಬರೆಯುವುದಿಲ್ಲ. ಈಗ ಆ ಹೆಸರಿನ ಕ್ಲಬ್ಬೇ ಇಲ್ಲ. ದೊಡ್ಡ ಲೀಗಿನಲ್ಲಿ ಆಡಿದ್ದಲ್ಲ, ಟಿವಿಯಲ್ಲಿ ಬಂದದ್ದಲ್ಲ. ಕರೋಲ್ ಬಾಗಿನಿಂದ ನಡೆದೇ ಹೋಗಬಹುದಾದ ಒಂದು ಮೈದಾನ, ಸಿಮೆಂಟಿನ ಮೆಟ್ಟಿಲುಗಳು, ನೀಲಿ ಜರ್ಸಿಯ ಹನ್ನೊಂದು ಜನ, ಅವರನ್ನು ಬೈಯಲು ಬರುತ್ತಿದ್ದ ನಾವೊಂದು ಮುನ್ನೂರು ಜನ. ನಾನು ತುಮಕೂರಿನಿಂದ ಐಎಎಸ್ ಮಾಡುತ್ತೇನೆಂದು ದೆಹಲಿಗೆ ಬಂದು ಓಲ್ಡ್ ರಾಜಿಂದರ್ ನಗರದ ಕಿಟಕಿಯಿಲ್ಲದ ಕೋಣೆಯಲ್ಲಿ ನಾಲ್ಕು ಸಲ ಪರೀಕ್ಷೆ ಬರೆದು, ನಾಲ್ಕು ಸಲವೂ ಡುಮ್ಕಿ ಹೊಡೆದು, ಕೊನೆಗೆ ಒಂದು ಸಚಿವಾಲಯದಲ್ಲಿ ಅಸಿಸ್ಟೆಂಟ್ ಆಗಿ ಸೇರಿಕೊಂಡವನು. ಬೋಪಯ್ಯನವರು ನನ್ನ ಮೊದಲ ಮೇಲಧಿಕಾರಿ. ಸೇರಿದ ವಾರವೇ ನನ್ನ ಮುಖ ನೋಡಿ, "ಏನು ಮಾರಾಯಾ, ಹೀಗೆ ಸತ್ತವರ ಮನೆಯಲ್ಲಿ ಕೂತ ಹಾಗೆ ಕೂತಿದ್ದೀಯ. ಭಾನುವಾರ ನನ್ನ ಜೊತೆ ಬಾ" ಎಂದು ಮೈದಾನಕ್ಕೆ ಎಳೆದುಕೊಂಡು ಹೋದರು. ಅಲ್ಲಿಂದ ಹನ್ನೊಂದು ವರ್ಷ ನನ್ನ ಭಾನುವಾರಗಳು ಅವರವೇ ಆದವು.

ಕೊಡಗಿನವರಾಗಿ ಹಾಕಿ ಬಿಟ್ಟು ಫುಟ್‌ಬಾಲ್ ಹಿಡಿದದ್ದೇಕೆ ಎಂದು ಒಮ್ಮೆ ಕೇಳಿದ್ದೆ. "ಹಾಕಿಯಲ್ಲಿ ನಮ್ಮ ಮನೆಯವರೆಲ್ಲ ನನಗಿಂತ ಚೆನ್ನಾಗಿ ಆಡ್ತಿದ್ರು. ಬಾಯಿ ತೆಗೆಯೋಕೆ ಬಿಡ್ತಿರಲಿಲ್ಲ" ಎಂದರು. ಅವರಿಗೆ ಬೇಕಾಗಿದ್ದದ್ದು ಆಡುವುದಲ್ಲ, ತೀರ್ಪು ಕೊಡುವುದು. ಅದೂ ಆಟಗಾರರ ಬಗ್ಗೆ ಅಲ್ಲ. ಗೋಲು ತಪ್ಪಿಸಿದವನನ್ನು ಎಲ್ಲರೂ ಬೈಯುತ್ತಿದ್ದರೆ ಅವರು ಮೇಲಿನ ಶಾಮಿಯಾನದಲ್ಲಿ ಕುರ್ಚಿ ಹಾಕಿಕೊಂಡು ಕೂತ ಮಾಲೀಕರನ್ನೂ ಮ್ಯಾನೇಜರುಗಳನ್ನೂ ನೋಡುತ್ತಿದ್ದರು. "ಅವನು ಕಾಲಿಂದ ತಪ್ಪಿದ. ಇವರು ತಲೆಯಿಂದ ತಪ್ಪಿದ್ದಾರೆ" ಎನ್ನುತ್ತಿದ್ದರು.

ಈ ತೀರ್ಪುಗಳಿಗೆಲ್ಲ ಒಂದು ಫೈಲಿತ್ತು. ಹಳೆಯ ಸರ್ಕಾರಿ ಫೈಲಿನಂತೆಯೇ ಪುಟಸಂಖ್ಯೆ, ದಾರ, ಅಂಚಿನಲ್ಲಿ ಚೀಟಿಗಳು. ಕ್ಲಬ್ಬಿನ ಪ್ರತಿಯೊಂದು ಪ್ರಕಟಣೆಯ ಪ್ರತಿ ಬಲಗಡೆ. ಅದರ ಬಗ್ಗೆ ನಾನು ನೀಲಿಯಲ್ಲಿ ಬರೆದ ಟಿಪ್ಪಣಿ ಎಡಗಡೆ. ಕೆಳಗೆ ಅವರ ಹಸಿರು ಆದೇಶ. ಕಚೇರಿಯಲ್ಲಿ ಜೀವಮಾನವಿಡೀ ಇಂಗ್ಲಿಷ್ ಬರೆದ ಮನುಷ್ಯ ಇದನ್ನು ಮಾತ್ರ ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದಿದ್ದರು. "ಎಡಬದಿಯ ಒಳ್ಳೆಯ ಆಟಗಾರನನ್ನು ಬಿಟ್ಟುಕೊಟ್ಟಿದ್ದಾರೆ. ಕಾರಣ ಫೈಲಿನಲ್ಲಿಲ್ಲ. ಚರ್ಚಿಸಿ." "ಹೊಸ ಜರ್ಸಿಯ ಚಿತ್ರ ನೋಡಿದೆ. ಒಪ್ಪಿದವರು ಯಾರು?" ಚರ್ಚಿಸಿ ಎಂದರೆ ನಾನು ಮುಂದಿನ ಭಾನುವಾರ ಮೆಟ್ಟಿಲ ಮೇಲೆ ಕಡಲೆಕಾಯಿ ಸುಲಿಯುತ್ತ ಅವರೊಡನೆ ಚರ್ಚಿಸಬೇಕು. ಕ್ಲಬ್ಬಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಒಂದು ವರ್ಷ ಸತತ ಐದು ಪಂದ್ಯ ಸೋತಾಗ ಮೆಟ್ಟಿಲುಗಳೆಲ್ಲ ಎದ್ದು ನಿಂತು "ಕೋಚ್ ಹಟಾವೋ" ಎಂದು ಕೂಗಿದವು. ನಾನೂ ಎದ್ದು ಕೂಗಿದೆ. ಬೋಪಯ್ಯನವರು ನನ್ನ ಅಂಗಿಯ ತುದಿ ಹಿಡಿದು ಕೂರಿಸಿದರು. "ಗೋಲು ಹೊಡೆಯೋನನ್ನ ಕಳಿಸಿಬಿಟ್ಟು ಮೂರು ಜನ ಗೋಲ್‌ಕೀಪರ್ ಇಟ್ಕೊಂಡವರು ಯಾರು? ಈ ಕೋಚಾ? ಯಾರ ಸಹಿ ಇದೆಯೋ ಅವರನ್ನ ಕೇಳಬೇಕು ಮಾರಾಯಾ. ಎದುರಿಗೆ ಸಿಕ್ಕಿದವನನ್ನಲ್ಲ." ಕೋಚ್ ಹೋದ. ಹೊಸಬ ಬಂದ. ಆಮೇಲೂ ಸೋತೆವು. ಫೈಲಿನಲ್ಲಿ ಹಸಿರು ಅಕ್ಷರಗಳು ಮೊದಲೇ ಹಾಗೆಂದು ಹೇಳಿದ್ದವು.

ಬರೀ ಬೈಗುಳದ ಮನುಷ್ಯರಲ್ಲ ಅವರು. ಕ್ಲಬ್ಬಿನವರು ಮೈದಾನದಲ್ಲಿ ಕೊನೆಗೂ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಿದಾಗ "ಒಪ್ಪಿದೆ. ತಡವಾಯಿತು, ಆದರೂ ಅಭಿನಂದನೆ" ಎಂದು ಬರೆದು, ನನ್ನ ಕೈಯಲ್ಲಿ ಒಂದು ಕಾಗದ ಟೈಪು ಮಾಡಿಸಿ ಕ್ಲಬ್ಬಿನ ಆಫೀಸಿಗೆ ಕಳಿಸಿದರು. "ಬೈಯೋನಿಗೆ ಹೊಗಳೋಕೂ ಬರಬೇಕು" ಎಂದರು. ಆ ವರ್ಷದಿಂದ ಆಂಟಿಯೂ ಬರತೊಡಗಿದರು. ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ರೊಟ್ಟಿ, ಪಕ್ಕದಲ್ಲಿ ಉಲ್ಲನ್ನಿನ ಉಂಡೆ. ಗೋಲಾದರೂ ಹೆಣಿಗೆ ನಿಲ್ಲಿಸುತ್ತಿರಲಿಲ್ಲ, "ಯಾರು, ನಮ್ಮವರಾ?" ಎಂದು ಕೇಳುತ್ತಿದ್ದರು, ಅಷ್ಟೆ.

ಆ ಒಂದು ಕಾಗದವೇ ಮುಂದಿನದಕ್ಕೆಲ್ಲ ಕಾರಣವಾಯಿತು. ಕ್ಲಬ್ಬಿಗೆ ಹೊಸದಾಗಿ ಬಂದ ಸಿಇಒ ಅದನ್ನು ಎಲ್ಲೋ ನೋಡಿ, ಅಭಿಮಾನಿಗಳ ಪ್ರತಿನಿಧಿಯೆಂದು ಬೋಪಯ್ಯನವರನ್ನು ಮಾತುಕತೆಗೆ ಕರೆದ. ಮೈದಾನ ಬಿಟ್ಟು ಕ್ಲಬ್ ಬೇರೆ ಕಡೆ ಹೋಗುತ್ತದೆಂಬ ಗುಸುಗುಸು ಆಗಲೇ ಇತ್ತು. ಆ ಹೊತ್ತಿಗೆ ಅವರಿಗೆ ಕಿವಿ ಮಂದವಾಗಿತ್ತು. "ನಾನು ಅರ್ಧ ಕೇಳಿ ಪೂರ್ತಿ ತಲೆ ಆಡಿಸಿದರೆ ಪ್ರಮಾದ. ನೀನೇ ಹೋಗು" ಎಂದು ಫೈಲನ್ನು ನನ್ನ ಕೈಗಿಟ್ಟರು. "ಒಂದೇ ಪ್ರಶ್ನೆ ಕೇಳು. ಮೈದಾನ ಉಳಿಯುತ್ತೋ ಇಲ್ಲವೋ? ಏನಾದರೂ ಕಾಗದ ಕೊಟ್ಟರೆ ತಗೊಂಡು ಬಾ. ಅಲ್ಲಿ ಏನೂ ಬರೀಬೇಡ."

ನಾನು ಬರೆದೆ. ಮಾತುಕತೆಯ ನಡಾವಳಿ ಎಂದು ನಾಲ್ಕು ಪುಟ ಮುಂದಿಟ್ಟರು. ಸರ್ಕಾರಿ ಕಚೇರಿಯಲ್ಲಿ ನಮ್ಮ ಮೇಜಿನ ಮೇಲೆ ಹಾದುಹೋಗುವ ಪ್ರತಿ ಹಾಳೆಯ ಬುಡದಲ್ಲಿ ನಾವು ಚಿಕ್ಕ ಸಹಿ ಹಾಕುತ್ತೇವೆ. ಅದರರ್ಥ ಕಾಗದ ನಮ್ಮ ಕೈದಾಟಿತು ಎಂದಷ್ಟೆ. ನಾಲ್ಕೂ ಪುಟಕ್ಕೆ ಹಾಗೇ ಹಾಕಿದೆ. ವಾರದೊಳಗೆ ಕ್ಲಬ್ಬಿನ ಪ್ರಕಟಣೆ ಬಂತು: ಮುಂದಿನ ಋತುವಿನಿಂದ ಪಂದ್ಯಗಳೆಲ್ಲ ಗ್ರೇಟರ್ ನೋಯ್ಡಾದ ಹೊಸ ಮೈದಾನದಲ್ಲಿ, ಇದಕ್ಕೆ ಅಭಿಮಾನಿಗಳ ಒಪ್ಪಿಗೆಯಿದೆ. ಪಕ್ಕದಲ್ಲಿ ನನ್ನ ಚಿಕ್ಕ ಸಹಿಯಿದ್ದ ಮೂರನೆಯ ಪುಟದ ಫೋಟೋ.

ಬೋಪಯ್ಯನವರು ಫೋಟೋವನ್ನು ಬಹಳ ಹೊತ್ತು ನೋಡಿದರು. "ಇದು ನಿನ್ನದೇ ಅಲ್ಲವಾ?"

"ಹೌದು ಸಾರ್. ಅಭ್ಯಾಸಬಲ. ಓದದೇ ಹಾಕಿಬಿಟ್ಟೆ."

"ಅಚ್ಛಾ" ಎಂದರು. ಅಷ್ಟೇ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಂಟಿ ಒಳಗಿಂದ ಕಾಫಿ ತಂದುಕೊಟ್ಟರು, ಅದನ್ನೂ ಕುಡಿದೆ.

ಗ್ರೇಟರ್ ನೋಯ್ಡಾಕ್ಕೆ ಒಂದೇ ಸಲ ಹೋದೆವು, ಮೂವರೂ. ಎರಡು ಮೆಟ್ರೊ, ಆಮೇಲೆ ಆಟೊ. ಜರ್ಸಿ ಕಿತ್ತಳೆ ಬಣ್ಣವಾಗಿತ್ತು, ಹುಲ್ಲು ಪ್ಲಾಸ್ಟಿಕ್ಕಿನದಾಗಿತ್ತು, ಗೋಲಾಗದಿದ್ದರೂ ಡಿಜೆ ಬಡಿಯುತ್ತಿತ್ತು. ಸುತ್ತ ನೂರು ಜನವೂ ಇರಲಿಲ್ಲ. ಅರ್ಧ ಆಟಕ್ಕೆ ಬೋಪಯ್ಯನವರು ಎದ್ದು "ಚಲೋ" ಎಂದರು. ಆಂಟಿ ಡಬ್ಬಿ ತೆರೆದೇ ಇರಲಿಲ್ಲ. ಮತ್ತೆರಡು ವರ್ಷಕ್ಕೆ ಜನವಿಲ್ಲವೆಂದು ಕ್ಲಬ್ಬನ್ನೇ ಮುಚ್ಚಿದರು.

ಮುಚ್ಚಿದ ಸುದ್ದಿ ಬಂದ ವಾರ ಅವರ ಮನೆಗೆ ಹೋದೆ. ತುಂಬ ಇಳಿದುಹೋಗಿದ್ದರು. ಮಂಚದ ಮೇಲೆ ಫೈಲು ಬಿಚ್ಚಿಕೊಂಡು ಕೂತಿದ್ದರು.

"ಇದನ್ನೂ ಮುಚ್ಚಬೇಕು" ಎಂದರು. "ಆದರೆ ಒಂದು ಕಾಗದ ಇಲ್ಲ ನೋಡು. ಆ ದಿನ ಅಲ್ಲಿ ಏನಾಯ್ತು ಅಂತ ನೀನು ಟಿಪ್ಪಣಿಯೇ ಹಾಕಿಲ್ಲ. ಬರೆದು ತಾ. ನಾನು ಕೆಳಗೆ ಒಂದು ಗೆರೆ ಬರೆದು ಮುಗಿಸ್ತೀನಿ."

"ಮುಂದಿನ ವಾರ ತರ್ತೀನಿ ಸಾರ್."

"ಇದ್ದದ್ದನ್ನ ಇದ್ದ ಹಾಗೆ ಬರಿ. ನಾನೇನೂ ನಿನ್ನನ್ನ ಸಸ್ಪೆಂಡ್ ಮಾಡೋದಿಲ್ಲ" ಎಂದು ನಕ್ಕರು.

ಮುಂದಿನ ವಾರ ಪಾರ್ಲಿಮೆಂಟಿನ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ಕೆಲಸವೆಂದು ಫೋನು ಮಾಡಿದೆ. ಅದರ ಮುಂದಿನ ವಾರ ಜ್ವರವೆಂದೆ. ಎರಡು ತಿಂಗಳು ಹೀಗೇ ಸಾಗಹಾಕಿದೆ. ಒಂದು ಬೆಳಿಗ್ಗೆ ಆಂಟಿಯ ಫೋನು ಬಂತು. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು.

ಆಂಟಿ ಮಡಿಕೇರಿಗೆ ಮಗಳ ಮನೆಗೆ ಹೊರಡುವ ಮೊದಲು ಫೈಲನ್ನೂ ಹಸಿರು ಪೆನ್ನನ್ನೂ ನನಗೆ ಕೊಟ್ಟರು. "ಪ್ರತಿ ಭಾನುವಾರ ಬೆಳಿಗ್ಗೆ ಇದನ್ನ ಜೇಬಿಗೆ ಸಿಕ್ಕಿಸ್ಕೊಂಡು ಕೂತಿರ್ತಿದ್ರು. ಇವತ್ತು ಬರ್ತಾನೆ ಅಂತಿದ್ರು" ಎಂದರು. ಅದರಲ್ಲಿ ದೂರು ಇರಲಿಲ್ಲ.

ಟಿಪ್ಪಣಿ ಈಗ ಬರೆದಿದ್ದೇನೆ ಸಾರ್, ನೀಲಿಯಲ್ಲೇ. ಓದದೇ ಸಹಿ ಹಾಕಿದೆ ಅಂದದ್ದು ಸುಳ್ಳು. ಮೂರನೆಯ ಪುಟ ಓದಿದ್ದೆ. ಮೈದಾನ ಹೋಗುವುದು, ಅಭಿಮಾನಿಗಳ ಆಕ್ಷೇಪವಿಲ್ಲ ಎನ್ನುವುದು, ಎರಡೂ ಅಲ್ಲಿತ್ತು. ಆದರೆ ಆ ಸಿಇಒ ನನ್ನನ್ನು 'ಸರ್' ಎಂದಿದ್ದ. ನಾಲ್ಕು ಸಲ ಫೇಲಾದವನನ್ನು ದೊಡ್ಡ ಮೇಜಿನ ಎದುರು ಕೂರಿಸಿ, ನಿಮ್ಮಂಥವರ ಸಲಹೆ ಕ್ಲಬ್ಬಿಗೆ ಬೇಕು ಎಂದಿದ್ದ. ಆ ಸಂತೋಷ ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ಫೈಲು ಇಡೀ ಹೊತ್ತು ನನ್ನ ತೊಡೆಯ ಮೇಲಿತ್ತು.

'ಆದೇಶಕ್ಕಾಗಿ ಸಲ್ಲಿಸಿದೆ' ಎಂದು ಬರೆದು, ಪದ್ಧತಿಯಂತೆ ಕೆಳಗೆ ನಾಲ್ಕು ಗೆರೆಯಷ್ಟು ಜಾಗ ಬಿಟ್ಟಿದ್ದೇನೆ. ಹಸಿರು ಪೆನ್ನು ಇನ್ನೂ ಬರೆಯುತ್ತದೆ. ಮುಚ್ಚಳ ತೆಗೆದು ನೋಡಿ ಹಾಗೇ ಮುಚ್ಚಿಟ್ಟೆ.